ಇನ್ನೂರು ಪದಗಳಲ್ಲಿ ಒಂದು ಬದುಕು: ಮಕ್ಕಳಿಂದ ವ್ಯಕ್ತಿ ಪರಿಚಯ ಬರೆಸುವ ಬಗೆ

ಜೂನ್ 19 ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ವಾಚನ ದಿನ. ಕೇರಳದ ಊರೂರಿನಲ್ಲಿ ಗ್ರಂಥಾಲಯ ಕಟ್ಟಿಸಿದ ಪಿ.ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡದ್ದು ಅದೇ ದಿನ. ಕನ್ನಡ ಮಾಧ್ಯಮದ ಮಕ್ಕಳೂ ಅವರ ಬಗ್ಗೆ ಒಂದು ಪುಟ ಬರೆದು ತರಬೇಕು. ಬೆಳಗ್ಗೆ ಅಸೆಂಬ್ಲಿಯಲ್ಲಿ ಒಬ್ಬರು ಅದನ್ನು ಓದುತ್ತಾರೆ.

ನಾನು ಬದಿಯಡ್ಕದ ಹತ್ತಿರದ ಒಂದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಏಳನೇ ಕ್ಲಾಸಿನ 28 ಮಕ್ಕಳ ಪುಟಗಳನ್ನು ಒಟ್ಟಿಗೆ ಕೂತು ಓದಿದೆ. ಇಪ್ಪತ್ತೆಂಟರಲ್ಲೂ ಒಂದೇ ಮಾತು. ಮಹಾನ್ ವ್ಯಕ್ತಿ, ಅಪಾರ ಸೇವೆ, ಅವಿಸ್ಮರಣೀಯ ಕೊಡುಗೆ, ನಮಗೆಲ್ಲ ಆದರ್ಶ.

ಒಬ್ಬಳನ್ನು ಕರೆದು ಕೇಳಿದೆ: "ಇವರು ಏನು ಮಾಡಿದರು?"

"ಸೇವೆ ಮಾಡಿದರು ಟೀಚರ್."

"ಎಂಥ ಸೇವೆ?"

ಅವಳು ತಲೆ ತಗ್ಗಿಸಿದಳು. ತಪ್ಪು ಅವಳದಲ್ಲ. ಪರಿಚಯ ಬರೆಯುವುದು ಹೇಗೆ ಎಂದು ನಾನು ಅವರಿಗೆ ಯಾವತ್ತೂ ಹೇಳಿಕೊಟ್ಟೇ ಇರಲಿಲ್ಲ. ಬರೆದು ತನ್ನಿ ಅಂದಿದ್ದೆ, ಅಷ್ಟೇ.

ಆ ರಾತ್ರಿ ನಾನೇ ಎರಡು ವಾಕ್ಯ ಬರೆದೆ. "ಪಣಿಕ್ಕರ್ 1926ರಲ್ಲಿ ತಮ್ಮ ಊರು ನೀಲಂಪೇರೂರಿನಲ್ಲಿ ಒಂದು ಪುಟ್ಟ ಗ್ರಂಥಾಲಯ ಶುರುಮಾಡಿದರು. 1945ರಲ್ಲಿ ತಿರುವಾಂಕೂರಿನ 47 ಗ್ರಂಥಾಲಯಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು." ಮರುದಿನ ಕ್ಲಾಸಿನಲ್ಲಿ ಓದಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "47 ಲೈಬ್ರರಿಯವರನ್ನು ಹೇಗೆ ಒಟ್ಟು ಸೇರಿಸಿದರು ಟೀಚರ್? ಆಗ ಫೋನ್ ಇತ್ತಾ?"

ಅಲ್ಲಿಂದ ನಾನು ಪರಿಚಯಗಳನ್ನು ಇದೊಂದರಿಂದಲೇ ಅಳೆಯುತ್ತಿದ್ದೇನೆ. ಕೇಳಿದ ಮಗುವಿನ ಬಾಯಿಂದ ಒಂದು ಪ್ರಶ್ನೆ ಬಂತಾ? "ಅಪಾರ ಸೇವೆ"ಯನ್ನು ಕೇಳಿ ಯಾರೂ ಏನೂ ಕೇಳುವುದಿಲ್ಲ. "47 ಗ್ರಂಥಾಲಯ" ಅಂದರೆ ಕೇಳುತ್ತಾರೆ. ಆ ಮೇಲೆ ನಾನು ಮಕ್ಕಳಿಂದ ಬರೆಸುತ್ತಾ ಬಂದ ರೀತಿಯನ್ನು ಇಲ್ಲಿ ಹೇಳುತ್ತೇನೆ. ಶಾಲೆಯ ಗೋಡೆ ಪತ್ರಿಕೆಗೂ ಆಗುತ್ತದೆ, ಕ್ಲಬ್ಬಿನ ಸ್ಮರಣ ಸಂಚಿಕೆಗೂ ಆಗುತ್ತದೆ.

ಮೊದಲು ಒಂದು ಕ್ರಿಯಾಪದ

ಯಾರ ಬಗ್ಗೆ ಬರೆಯುತ್ತೀರೋ ಅವರ ಹೆಸರು ಬರೆಯಿರಿ. ಅದರ ಮುಂದೆ ಅವರು ಮಾಡಿದ ಒಂದು ಕೆಲಸ ಬರೆಯಿರಿ. ಕಟ್ಟಿದರು, ಬಿಟ್ಟರು, ತೆರೆದರು, ಕೇಸು ಹಾಕಿದರು, ಹಾಡಿದರು. "ಆಗಿದ್ದರು" ಸಾಲದು. "ಸಮಾಜ ಸುಧಾರಕರಾಗಿದ್ದರು" ಅಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಕುದ್ಮುಲ್ ರಂಗರಾಯರನ್ನು ತೆಗೆದುಕೊಳ್ಳಿ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮಂಗಳೂರಿನಲ್ಲಿ ವಕೀಲರಾಗಿದ್ದರು. ನಮ್ಮ ಮಕ್ಕಳು ಎಷ್ಟೋ ಸಲ ಮಂಗಳೂರಿಗೆ ಹೋಗಿ ಬರುತ್ತಾರೆ. ಆದರೆ ಇವರು ನಮ್ಮ ಕಡೆಯವರು ಅನ್ನುವುದು ಗೊತ್ತಿಲ್ಲ. ಒಬ್ಬ ಹುಡುಗ ಬರೆದ ಮೊದಲ ವಾಕ್ಯ: "ರಂಗರಾಯರು ದಲಿತೋದ್ಧಾರಕರು." ಅದನ್ನು ಒಡೆಯಲು ಹೇಳಿದೆ. ಎರಡು ದಿನ ಗ್ರಂಥಾಲಯದಲ್ಲಿ ಹುಡುಕಿ ಬಂದ. ಈಗ ವಾಕ್ಯ ಹೀಗಾಯಿತು: "ಶಾಲೆಯ ಬಾಗಿಲು ದಲಿತ ಮಕ್ಕಳಿಗೆ ಮುಚ್ಚಿದ್ದ ಕಾಲದಲ್ಲಿ ವಕೀಲ ರಂಗರಾಯರು ಮಂಗಳೂರಿನಲ್ಲಿ ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ಆ ಕೆಲಸಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು."

ಅದೇ ಹುಡುಗ ಇನ್ನೊಂದು ವಿಷಯ ಹಿಡಿದು ತಂದಿದ್ದ. ರಂಗರಾಯರ ಮೊಮ್ಮಗ ಪಿ.ಪಿ. ಕುಮಾರಮಂಗಲಂ ಭಾರತದ ಸೇನೆಯ ಮುಖ್ಯಸ್ಥರಾದರು. ಇನ್ನೊಬ್ಬ ಮೊಮ್ಮಗ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿಯಾದರು. ಇದನ್ನು ಸೇರಿಸಲೇಬೇಕು ಎಂದು ಅವನ ಹಟ. ಸೇರಿಸಬಹುದಾ? ನಾವು ಒಂದು ಪೀರಿಯಡ್ ಪೂರ್ತಿ ಇದನ್ನೇ ಮಾತಾಡಿದೆವು. ಮೊಮ್ಮಕ್ಕಳ ಹುದ್ದೆಯಿಂದ ಅಜ್ಜನ ಕೆಲಸ ದೊಡ್ಡದಾಗುವುದಿಲ್ಲ. ಆದರೆ ಆ ಮೊಮ್ಮಕ್ಕಳ ತಾಯಿ ರಾಧಾಬಾಯಿ ಮದುವೆಯಾದದ್ದು ತಮಿಳುನಾಡಿನ ಪಿ. ಸುಬ್ಬರಾಯನ್ ಅವರನ್ನು. ಬೇರೆ ಜಾತಿ, ಬೇರೆ ಭಾಷೆ. ಅಂದರೆ ಜಾತಿಯ ಬಗ್ಗೆ ರಾಯರು ಹೊರಗೆ ಆಡಿದ ಮಾತು ಮನೆಯೊಳಗೂ ನಡೆದಿತ್ತು. ಹೀಗಾಗಿ ಮಗಳ ಮದುವೆ ಪರಿಚಯದಲ್ಲಿ ಉಳಿಯಿತು, ಸೇನೆಯ ಹುದ್ದೆ ಹೋಯಿತು. ಮನೆಯ ಸಂಗತಿ ಕೆಲಸಕ್ಕೆ ಅಂಟಿಕೊಂಡಿದ್ದರೆ ಇಟ್ಟುಕೊಳ್ಳಿ. ಅಂಟಿಕೊಳ್ಳದಿದ್ದರೆ ಎಷ್ಟೇ ಹೆಮ್ಮೆಯದಾದರೂ ಬಿಡಿ.

ಆ ಪರಿಚಯವನ್ನು ಅವನು ರಾಯರ ಆಸೆಯೊಂದಿಗೆ ಮುಗಿಸಿದ. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡದಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದರು. ಅದನ್ನು ಓದುವಾಗ ಅಸೆಂಬ್ಲಿಯಲ್ಲಿ ಪಿಸುಮಾತು ಪೂರ್ತಿ ನಿಂತಿತ್ತು.

ಊರಿನ ಹೆಸರು, ಆ ದಿನದ ಲೆಕ್ಕದಲ್ಲಿ

ನಮ್ಮಂಥ ಗಡಿಯ ಊರಿನವರು ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ. ಎಷ್ಟೋ ಮಕ್ಕಳು ಬರೆಯುವುದು: "ರಾಷ್ಟ್ರಕವಿ ಗೋವಿಂದ ಪೈಗಳು 1883ರಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರಂನಲ್ಲಿ ಜನಿಸಿದರು."

1883ರಲ್ಲಿ ಕೇರಳ ಎಂಬ ರಾಜ್ಯ ಇರಲಿಲ್ಲ. ಮಂಜೇಶ್ವರ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಅಷ್ಟರಲ್ಲಿ ಪೈಗಳು ತೀರಿಕೊಂಡು 20 ವರ್ಷ ದಾಟಿತ್ತು. ಆ ಜಿಲ್ಲೆಯ ಹೆಸರನ್ನು ಅವರು ಕೇಳಿಯೇ ಇಲ್ಲ.

ಇದನ್ನು ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು ತೋರಿಸುತ್ತೇನೆ. ಒಂದು ತುದಿಯಲ್ಲಿ 1883, ಇನ್ನೊಂದು ತುದಿಯಲ್ಲಿ 1963. ನಡುವೆ 1956. ಮಕ್ಕಳೇ ಲೆಕ್ಕ ಹಾಕುತ್ತಾರೆ. 73 ವರ್ಷ ಒಂದು ಕಡೆ, ಸುಮಾರು 7 ವರ್ಷ ಇನ್ನೊಂದು ಕಡೆ. "ಹಾಗಾದರೆ ಅವರು ಮನೆ ಬದಲಾಯಿಸದೆಯೇ ರಾಜ್ಯ ಬದಲಾಯಿತಾ ಟೀಚರ್?" ಹೌದು. ಈ ಮಕ್ಕಳ ಮುತ್ತಜ್ಜಂದಿರಿಗೂ ಆದದ್ದು ಅದೇ.

ಇಷ್ಟು ಸರಿಮಾಡಿಕೊಂಡರೆ ಇನ್ನೊಂದು ಗಂಟೂ ತಾನಾಗಿ ಬಿಚ್ಚುತ್ತದೆ. ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. ಕನ್ನಡ ಕವಿಗೆ ಮದ್ರಾಸಿನವರು ಯಾಕೆ ಬಿರುದು ಕೊಟ್ಟರು ಎಂದು ಮಕ್ಕಳಿಗೆ ಪ್ರತಿ ವರ್ಷ ಸಂಶಯ. ಯಾಕೆಂದರೆ ಆಗ ಅದೇ ಅವರ ಸರಕಾರ.

ಇದಕ್ಕೆ ಮದ್ದು ಬಹಳ ಸಣ್ಣದು. "ಈಗಿನ" ಎಂಬ ಒಂದು ಪದ. "ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಹುಟ್ಟಿದರು." ಜಾಗ ಇದ್ದರೆ, "ಅದು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು" ಎಂದು ಸೇರಿಸಿ.

ಊರಿನ ಹೆಸರನ್ನು ನಾವು ಕನ್ನಡದಲ್ಲಿ ಕರೆಯುವ ಹಾಗೆಯೇ ಬರೆಯಿರಿ. ಮಂಜೇಶ್ವರ, ಕುಂಬಳೆ, ಬದಿಯಡ್ಕ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ತಂದ ಪುಟದಲ್ಲಿ ಇವು ಮಂಜೇಶ್ವರಂ, ಬದಿಯಡುಕ್ಕ ಎಂದಾಗಿರುತ್ತವೆ. ಮಲಯಾಳದಲ್ಲಿ ಅದು ಸರಿ. ಕನ್ನಡದ ಪುಟದಲ್ಲಿ ನಮ್ಮ ಹೆಸರು ನಮ್ಮ ಬಾಯಲ್ಲಿ ಇದ್ದಂತೆ ಇರಬೇಕು. ಈ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಮನೆಮಾತನ್ನೂ ಒಂದು ಸಾಲಿನಲ್ಲಿ ಹೇಳಿ. ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಸಾರಾ ಅಬೂಬಕ್ಕರ್ ಅವರದು ಮಲಯಾಳ. ಮೂವರೂ ಹೆಸರು ಮಾಡಿದ್ದು ಕನ್ನಡದಲ್ಲಿ ಬರೆದು. ನನ್ನ ಕ್ಲಾಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ ಮಾತಾಡುವ ಮಕ್ಕಳಿದ್ದಾರೆ. ನನ್ನ ಮನೆಯಲ್ಲೂ ತುಳುವೇ. ಈ ಒಂದು ಸಾಲು ಓದಿದಾಗ ಯಾವ ಮಗು ತಟ್ಟನೆ ತಲೆ ಎತ್ತುತ್ತದೆ ಎಂದು ನಾನು ನೋಡುತ್ತೇನೆ. ಪ್ರತಿ ಸಲವೂ ಯಾರಾದರೊಬ್ಬರು ಎತ್ತುತ್ತಾರೆ.

ಒಂದು ತಿರುವು ಹಿಡಿಯಿರಿ, ಅದನ್ನು ಬಿಡಿಸಿ ಹೇಳಿ

ಇನ್ನೂರು ಪದಗಳಲ್ಲಿ 80 ವರ್ಷ ಹಿಡಿಸುವುದಿಲ್ಲ. ಹಿಡಿಸಲು ಹೊರಟರೆ ಪುಸ್ತಕಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ ಆಗುತ್ತದೆ. ಅವರ ಬದುಕಿನಲ್ಲಿ ಏನಾದರೂ ಬದಲಾದ ಒಂದು ಕ್ಷಣ ಹುಡುಕಿ. ಅರ್ಧದಷ್ಟು ಪದಗಳನ್ನು ಅದಕ್ಕೇ ಕೊಡಿ.

ಪೈಗಳ ಬದುಕಿನಲ್ಲಿ ನಾನು ಹಿಡಿಯುವುದು 1911. ಆ ವರ್ಷ ಅವರು ಕವಿತೆಯಲ್ಲಿ ಆದಿಪ್ರಾಸ ಬಿಟ್ಟರು. "ಪ್ರಾಸ ಬಿಟ್ಟರು" ಎಂದು ಸುಮ್ನೆ ಬರೆದರೆ ಏಳನೇ ಕ್ಲಾಸಿನ ಮಗುವಿಗೆ ಏನು ತಿಳಿಯುತ್ತದೆ? ಹಾಗಾಗಿ ಮೊದಲು ಆಡಿ ನೋಡುತ್ತೇವೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದೇ ಆದಿಪ್ರಾಸ. ಬೋರ್ಡಿನಲ್ಲಿ ಎರಡು ಸಾಲು ಬರೆಯುತ್ತೇನೆ:

ಮಳೆಯು ಬಂತು ಗುಡ್ಡೆಗೆ
ಹೊಳೆಯು ತುಂಬಿ ಹರಿಯಿತು

ಮ-ಳೆ, ಹೊ-ಳೆ. ಎರಡನೆಯದು ಳ. ಇನ್ನು ಮೂರನೇ ಸಾಲು ನೀವು ಹೇಳಿ ಎನ್ನುತ್ತೇನೆ. "ಬಾಳೆ" ಬರುತ್ತದೆ, "ಇಳೆ" ಬರುತ್ತದೆ, "ಕೋಳಿ" ಬರುತ್ತದೆ. ಎಂಟನೇ ಸಾಲಿನ ಹೊತ್ತಿಗೆ ಕ್ಲಾಸು ಸುಸ್ತು. ಹೇಳಬೇಕಾದ ವಿಷಯ ಮಳೆಯದು, ಆದರೆ ಕವಿತೆ ಕೋಳಿಯ ಹಿಂದೆ ಓಡುತ್ತಿರುತ್ತದೆ. ಆಗ ಹೇಳುತ್ತೇನೆ: ಪಂಪನ ಕಾಲದಿಂದ ಕನ್ನಡದ ಕವಿಗಳು ಈ ಕಟ್ಟಿನಲ್ಲಿ ಬರೆದರು. ಅದರಲ್ಲೇ ಅದ್ಭುತಗಳನ್ನು ಮಾಡಿದರು. ಮಂಜೇಶ್ವರದ ಒಬ್ಬ 28 ವರ್ಷದ ಯುವಕ ಇದನ್ನು ಬಿಟ್ಟೂ ಬರೆಯಬಹುದು ಎಂದು ಬರೆದು ತೋರಿಸಿದ. ಹತ್ತು ನಿಮಿಷ ಕಷ್ಟಪಟ್ಟ ಮಕ್ಕಳಿಗೆ ಆ ಧೈರ್ಯ ಎಷ್ಟು ದೊಡ್ಡದೆಂದು ವಿವರಿಸಬೇಕಾಗುವುದಿಲ್ಲ.

ಇದೆಲ್ಲ ಸೇರಿ ನಮ್ಮ ಗೋಡೆ ಪತ್ರಿಕೆಗೆ ಬಂದ ಪರಿಚಯ ಇದು. ಇಬ್ಬರು ಹುಡುಗಿಯರು ಬರೆದದ್ದು, ನಾನು ಅಲ್ಲಲ್ಲಿ ತಿದ್ದಿದ್ದೇನೆ:

"ಕವಿತೆಯ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರಬೇಕು ಎಂಬ ನಿಯಮ ಕನ್ನಡದಲ್ಲಿ ನೂರಾರು ವರ್ಷ ಇತ್ತು. 1911ರಲ್ಲಿ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದರು. ಅವರು ಹುಟ್ಟಿದ್ದು 1883ರ ಮಾರ್ಚ್ 23ರಂದು, ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ. ಆ ಊರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮನೆಮಾತು ಕೊಂಕಣಿ. ಓದಲು ಮದ್ರಾಸಿಗೆ ಹೋದರು. ತಂದೆಯ ಕಾಯಿಲೆಯಿಂದಾಗಿ ಬಿ.ಎ. ಮುಗಿಸಲು ಆಗಲಿಲ್ಲ. ಊರಿಗೆ ಬಂದು ತಾವಾಗಿಯೇ ಅನೇಕ ಭಾಷೆಗಳನ್ನು ಕಲಿತರು. ಯೇಸುವಿನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದರು. ಬುದ್ಧನ ಕೊನೆಯ ದಿನದ ಬಗ್ಗೆ 'ವೈಶಾಖಿ' ಬರೆದರು. 1949ರಲ್ಲಿ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಮಂಜೇಶ್ವರದ ಅವರ ಮನೆ ಈಗ ಸ್ಮಾರಕ. ಅದಕ್ಕೆ 'ಗಿಳಿವಿಂಡು' ಎಂದು ಹೆಸರು. ಅದು ಅವರ ಮೊದಲ ಕವನ ಸಂಕಲನದ ಹೆಸರು."

ಹೊಗಳುವ ಪದ ಇದರಲ್ಲಿ ಒಂದೂ ಇಲ್ಲ, ಗಮನಿಸಿದಿರಾ? ಹುಟ್ಟಿದ ದಿನ ಎರಡನೇ ಸ್ಥಾನಕ್ಕೆ ಹೋಗಿದೆ. "ಜನಿಸಿದರು" ಇಂದ ಶುರುಮಾಡಬೇಡಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಎಲ್ಲರೂ ಹುಟ್ಟುತ್ತಾರೆ. ಅಲ್ವಾ?

ರಾಜರ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಇಡೀ ಶಿವಪ್ಪ ನಾಯಕನನ್ನು ಬರೆಯಲು ಹೋಗಬೇಡಿ, ಬೇಕಲ ಕೋಟೆ ಕಟ್ಟಿಸಿದ ಶಿವಪ್ಪ ನಾಯಕನನ್ನು ಬರೆಯಿರಿ. 1650, ಸುಮಾರು 40 ಎಕರೆ, ಸಮುದ್ರದ ಬದಿ. ಇಕ್ಕೇರಿಯ ಅರಸ ಇಷ್ಟು ದೂರ ಬಂದು ಯಾಕೆ ಕಟ್ಟಿಸಿದ ಎಂದು ಮಕ್ಕಳೇ ಕೇಳುತ್ತಾರೆ.

ಎರಡು ಕಡೆಯವರೂ ಕೂತು ಕೇಳುವಂತೆ

ಎಡನೀರು ಮಠ ನಮ್ಮಿಂದ ದೂರವಿಲ್ಲ. ಅಲ್ಲಿಯ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ದೇಶದ ಕಾನೂನು ಓದುವವರಿಗೆಲ್ಲ ಗೊತ್ತು. ಮಕ್ಕಳು ಅವರನ್ನು "ಸಂವಿಧಾನ ರಕ್ಷಕ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರೊಳಗೆ ಏನಿದೆ ಎಂದು ತೆರೆದು ನೋಡುವುದು ನನಗೆ ತುಂಬಾ ಅಗತ್ಯವಾಗಿ ಕಂಡಿತು.

ಅವರು ಹುಟ್ಟಿದ್ದು 1940ರಲ್ಲಿ. 20 ತುಂಬುವ ಮೊದಲೇ ಮಠದ ಪೀಠಕ್ಕೆ ಬಂದರು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಕೈತಪ್ಪುವ ಹೊತ್ತು ಬಂತು. 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ವಕೀಲರು ನಾನಿ ಪಾಲ್ಖಿವಾಲಾ. 13 ನ್ಯಾಯಾಧೀಶರು ಒಟ್ಟಿಗೆ ಕೂತರು. ಅದಕ್ಕಿಂತ ದೊಡ್ಡ ಪೀಠ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಇವತ್ತಿಗೂ ಕೂತಿಲ್ಲ. 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು. 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ದೇಶಕ್ಕೆ ಸಿಕ್ಕಿದ್ದು ಇದು. ಸ್ವಾಮಿಗಳು ಕೇಳಿಕೊಂಡು ಹೋದದ್ದು ಮಠದ ಜಮೀನು, ಅದು ಸಿಗಲಿಲ್ಲ.

ಈ ಕೊನೆಯ ವಾಕ್ಯವನ್ನು ಬಿಡಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಯಾಕೆಂದರೆ ನಮ್ಮ ಕ್ಲಾಸಿನಲ್ಲಿ ಅದೇ ಕಾನೂನಿನಿಂದ ಜಾಗ ಸಿಕ್ಕಿದ ಮನೆಗಳ ಮಕ್ಕಳಿದ್ದಾರೆ. 1970ರ ಜನವರಿ 1ರಿಂದ ಗೇಣಿ ಪದ್ಧತಿ ನಿಂತಿತು. ಅವರ ಅಜ್ಜಂದಿರು ಒಕ್ಕಲು ಕೂತಿದ್ದ ಜಾಗ ಅವರದಾಯಿತು. ಪಕ್ಕದಲ್ಲೇ ಮಠಕ್ಕೆ ನಡೆದುಕೊಳ್ಳುವ ಮನೆಯ ಮಕ್ಕಳೂ ಇದ್ದಾರೆ. ಒಂದು ಕಡೆಯವರನ್ನು ಏರಿಸಿ ಬರೆದರೆ ಇನ್ನೊಂದು ಮಗು ಬೆಂಚಿನಲ್ಲಿ ಸಣ್ಣದಾಗುತ್ತದೆ. ನಡೆದದ್ದನ್ನು ನಡೆದ ಹಾಗೆ, ವರ್ಷದ ಜೊತೆ, ವಿಶೇಷಣ ಇಲ್ಲದೆ ಬರೆದರೆ ಇಬ್ಬರೂ ಕೇಳುತ್ತಾರೆ. ನಾವು ಹಾಗೆ ಓದಿದ ದಿನ ಒಬ್ಬ ಹುಡುಗ ಮನೆಗೆ ಹೋಗಿ ಅಜ್ಜನ ಹತ್ತಿರ ಜಾಗದ ಪಟ್ಟೆ ಕಾಗದ ಕೇಳಿದನಂತೆ. ಇನ್ನೊಬ್ಬಳು ಮರುದಿನ ಬಂದು, ಸ್ವಾಮಿಗಳಿಗೆ ಯಕ್ಷಗಾನ ಎಂದರೆ ಪ್ರಾಣ, ಅವರೇ ಹಾಡುತ್ತಿದ್ದರು, ಅದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಸೇರಿಸಿದೆವು.

ತಿಳಿಯದ್ದನ್ನು ಬರೆಯುವುದು

ಕುಂಬಳೆಯ ಪಾರ್ತಿಸುಬ್ಬನ ಬಗ್ಗೆ ಬರೆಯಲು ಹೊರಟರೆ ಹುಟ್ಟಿದ ದಿನ ಸಿಗುವುದಿಲ್ಲ. ಅವನ ಕಾಲ ಯಾವುದು ಎಂದು ವಿದ್ವಾಂಸರೇ ವಾದ ಮಾಡಿದ್ದಾರೆ. ಮಕ್ಕಳು ಇಂಥ ಕಡೆ ಎಲ್ಲಿಂದಲೋ ಒಂದು ಇಸವಿ ತಂದು ಅಂಟಿಸುತ್ತಾರೆ. ಬೇಡ. ಕೆಲಸದಿಂದ ಶುರುಮಾಡಿ. ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಬರೆದವನು ಎಂದು ಹೆಸರಾದ ಕವಿ. ಹಾಡುಗಳಲ್ಲಿ ಕಣ್ವಪುರದ ಕೃಷ್ಣನ ಹೆಸರು ಬರುತ್ತದೆ. ಕಣ್ವಪುರ ಎಂದರೆ ಕುಂಬಳೆಯ ಕಣಿಪುರ, ಈಗಲೂ ಅಲ್ಲಿ ಗೋಪಾಲಕೃಷ್ಣನ ದೇವಸ್ಥಾನ ಇದೆ. ತಾಯಿ ಪಾರ್ವತಿ, ಆ ಹೆಸರೇ ಜನರ ಬಾಯಲ್ಲಿ "ಪಾರ್ತಿ" ಆಗಿ ಮಗನಿಗೆ ಅಂಟಿತು ಎಂದು ಹೇಳುತ್ತಾರೆ. ಆ "ಎಂದು ಹೇಳುತ್ತಾರೆ"ಯನ್ನು ತೆಗೆಯಬೇಡಿ. ಕನ್ನಡದಲ್ಲಿ ಇದಕ್ಕೆ ಎಷ್ಟು ಚಂದದ ದಾರಿಗಳಿವೆ! ಪ್ರತೀತಿ ಇದೆ, ಹೇಳಿಕೆ ಇದೆ, ಅಂತೆ. ಕಣ್ಣಾರೆ ಕಂಡದ್ದು ಬೇರೆ, ಬಾಯಿಂದ ಬಾಯಿಗೆ ಬಂದದ್ದು ಬೇರೆ. ಓದುವವರಿಗೆ ಆ ವ್ಯತ್ಯಾಸ ತಿಳಿಯಲಿ.

ಇಲ್ಲೇ ಒಂದು ಮಗು ಕೇಳಿತು: "ಪಾರ್ತಿಸುಬ್ಬನಿಗೆ 'ಅವನು', ಪೈಗಳಿಗೆ 'ಅವರು' ಯಾಕೆ ಟೀಚರ್?" ಹಳೆಯ ಕವಿಗಳನ್ನು, ಅರಸರನ್ನು ಏಕವಚನದಲ್ಲಿ ಕರೆಯುವುದು ನಮ್ಮ ರೂಢಿ. ಪಂಪ ಬರೆದ, ಶಿವಪ್ಪ ನಾಯಕ ಕಟ್ಟಿಸಿದ. ಅದರಲ್ಲಿ ಅಗೌರವ ಇಲ್ಲ. ಆದರೆ ಆ ಪ್ರಶ್ನೆ ನನ್ನ ಕಣ್ಣನ್ನು ಬೇರೊಂದು ಕಡೆ ತಿರುಗಿಸಿತು. ಅದೇ ವಾರ ನಮ್ಮೂರಿನ ಸೂಲಗಿತ್ತಿ ಅಜ್ಜಿಯ ಬಗ್ಗೆ ಬಂದ ಪುಟದಲ್ಲಿ "ಅವಳು ಹೆರಿಗೆ ಮಾಡಿಸುತ್ತಿದ್ದಳು" ಎಂದಿತ್ತು. ವಕೀಲರಿಗೆ ಅವರು, ಸೂಲಗಿತ್ತಿಗೆ ಅವಳು. ಮಗು ಬೇಕೆಂದು ಬರೆದದ್ದಲ್ಲ. ದೊಡ್ಡವರು ಹಾಗೆ ಹೇಳುವುದನ್ನು ಕೇಳಿ ಬರೆದದ್ದು. ನಾನು ಕೆಂಪು ಶಾಯಿಯಲ್ಲಿ ತಿದ್ದಲಿಲ್ಲ. ಪುಟವನ್ನು ಗಟ್ಟಿಯಾಗಿ ಓದಿಸಿದೆ, ಆಮೇಲೆ "ಅವರು" ಎಂದು ಹಾಕಿ ಇನ್ನೊಮ್ಮೆ ಓದಿಸಿದೆ. ಮಕ್ಕಳಿಗೇ ಕೇಳಿಸಿತು. ನಮ್ಮ ಕಾಲಕ್ಕೆ ಹತ್ತಿರದವರೆಲ್ಲ ಈಗ ನಮ್ಮ ಪತ್ರಿಕೆಯಲ್ಲಿ "ಅವರು". ಕೆಲಸ ಯಾವುದೇ ಇರಲಿ.

ಹೆಂಗಸರ ಹೆಸರು ಬರುವುದೇ ಕಡಿಮೆ. ಹತ್ತು ಹೆಸರು ಆರಿಸಿ ಅಂದರೆ ಹತ್ತೂ ಗಂಡಸರು. ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲೇ ಹುಟ್ಟಿದವರು. ಬರೆಯಲು ಹಿಡಿದದ್ದು 40 ದಾಟಿದ ಮೇಲೆ. ಅವರ ಕಾದಂಬರಿಯ ಹೆಸರಿನಲ್ಲೇ ನಮ್ಮ ಚಂದ್ರಗಿರಿ ಹೊಳೆ ಇದೆ. 1967ರಲ್ಲಿ ರಾಜ್ಯಗಳ ಗಡಿಯನ್ನು ವಿಚಾರಿಸಿದ ಮಹಾಜನ ಆಯೋಗ, ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಎಂದು ಗೆರೆ ಎಳೆದದ್ದೂ ಇದೇ ಹೊಳೆಯಲ್ಲಿ. ಮಕ್ಕಳು ಬಸ್ಸಿನಲ್ಲಿ ದಿನಾ ದಾಟುವ ಸೇತುವೆಗೆ ಇಷ್ಟೆಲ್ಲ ಕತೆ ಇದೆ ಎಂದು ಅವರಿಗೆ ಹೇಳಬೇಕು.

ಲೆಕ್ಕ ನೋಡುವುದು

ಬರೆದು ಮುಗಿದ ಮೇಲೆ ಪುಟದಲ್ಲಿರುವ ಇಸವಿಗಳನ್ನೆಲ್ಲ ಪಕ್ಕಕ್ಕೆ ಒಂದರ ಕೆಳಗೊಂದು ಬರೆಯಿರಿ. ಕಳೆಯಿರಿ. ಆಗ ಅವರಿಗೆ ಎಷ್ಟು ವಯಸ್ಸು? ಸಾಧ್ಯವಾ? ಕಯ್ಯಾರರು ಹುಟ್ಟಿದ್ದು 1915ರ ಜೂನ್ 8, ತೀರಿಕೊಂಡದ್ದು 2015ರ ಆಗಸ್ಟ್ 9. ನೂರು ವರ್ಷ, ಎರಡು ತಿಂಗಳು, ಒಂದು ದಿನ. ಪೆರಡಾಲದಲ್ಲಿ ಮೇಷ್ಟ್ರಾಗಿದ್ದು 1969ರಲ್ಲಿ ರಾಷ್ಟ್ರ ಪ್ರಶಸ್ತಿ ಪಡೆದಾಗ 54. ಲೆಕ್ಕ ಕೂಡುತ್ತದೆ.

ಒಮ್ಮೆ ಒಬ್ಬಳು ಗೋವಿಂದ ಪೈಗಳೂ ಕೇಶವಾನಂದ ಭಾರತಿಗಳೂ ಸೆಪ್ಟೆಂಬರ್ 6ಕ್ಕೇ ತೀರಿಕೊಂಡದ್ದಾಗಿ ಬರೆದಿದ್ದಳು. ಒಂದರಿಂದ ನೋಡಿ ಇನ್ನೊಂದಕ್ಕೆ ಇಳಿಸಿದ್ದಾಳೆ ಎಂದುಕೊಂಡೆ. ಹುಡುಕಿ ನೋಡಿದರೆ ಎರಡೂ ಸರಿ. ಒಬ್ಬರು 1963, ಇನ್ನೊಬ್ಬರು 2020. ಅವಳ ಹತ್ತಿರ ಕ್ಷಮೆ ಕೇಳಿದೆ.

ನನ್ನ ದೊಡ್ಡ ತಪ್ಪು ಆದದ್ದು ಆ ಸೂಲಗಿತ್ತಿ ಅಜ್ಜಿಯ ವಿಷಯದಲ್ಲೇ. ಮೊದಲ ಹೆರಿಗೆ ಮಾಡಿಸಿದ್ದು ಯಾವಾಗ ಎಂದು ಕೇಳಿದಾಗ ಅವರು, "ದೊಡ್ಡ ಬೊಳ್ಳ ಬಂದ ವರ್ಷ ಟೀಚರೇ" ಅಂದರು. ದೊಡ್ಡ ನೆರೆ ಎಂದರೆ 1923 ಎಂದು ಓದಿ ಗೊತ್ತಿತ್ತು. ಹಾಗೆಯೇ ಬರೆದು ಗೋಡೆಗೆ ಹಾಕಿದೆ. ವಾರ ಕಳೆದು ಅವರ ಸೊಸೆ ಶಾಲೆಗೆ ಬಂದರು. "ಅತ್ತೆ ಆಗ ಹುಟ್ಟಿಯೇ ಇರಲಿಲ್ಲ. ಅವರು ಹೇಳಿದ್ದು 1974ರ ಬೊಳ್ಳ" ಅಂದರು. ಒಂದು ಕಳೆಯುವ ಲೆಕ್ಕ ಮಾಡಿದ್ದರೆ ನನಗೇ ಸಿಗುತ್ತಿತ್ತು. ಹಿರಿಯರು ಇಸವಿ ಹೇಳುವುದಿಲ್ಲ. ಬೊಳ್ಳ, ಬರ, ಮದುವೆ, ರಸ್ತೆ ಆದ ವರ್ಷ ಎನ್ನುತ್ತಾರೆ. ಯಾವ ಬೊಳ್ಳ, ಆಗ ನಿಮ್ಮ ಮಕ್ಕಳು ಎಷ್ಟು ದೊಡ್ಡವರು ಎಂದು ಇನ್ನೊಂದು ಮಾತು ಕೇಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಆಮೇಲೆ ಹೊರಗೆ ಹಾಕಿ. ತಿದ್ದಿದ ಪುಟವನ್ನು ಅಜ್ಜಿಯ ಜಗಲಿಯಲ್ಲಿ ಕೂತು ಮಕ್ಕಳೇ ಓದಿದರು. ಅವರು ಪೂರ್ತಿ ಕೇಳಿ, "ನನ್ನ ಹೆಸರು ಇನ್ನೊಮ್ಮೆ ಓದು ಮಗಾ" ಅಂದರು.

ಗೋಡೆಗೆ ಹಾಕುವ ಮೊದಲು

ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಗಡಿಯಾರ ನೋಡಲಿ. ಎರಡು ನಿಮಿಷ ದಾಟಿದರೆ ಕತ್ತರಿಸಿ. ಮೊದಲು ಹೊಗಳಿಕೆ ಹೋಗಲಿ, ಆಮೇಲೆ ಪ್ರಶಸ್ತಿಗಳು. ಓದುವಾಗ ಉಸಿರು ಕಟ್ಟಿದ ಕಡೆ ವಾಕ್ಯವನ್ನು ಎರಡು ಮಾಡಿ. ಬರೆದ ಮಗುವಿನ ಹೆಸರು ಕೆಳಗೆ ಇರಲಿ.

ಪುಟದ ಅಡಿಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಡಿ. ಒಂದು ಪೆನ್ಸಿಲನ್ನು ದಾರದಲ್ಲಿ ಕಟ್ಟಿ ಪಕ್ಕದಲ್ಲಿ ನೇತುಹಾಕಿ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಜ್ಜಂದಿರು, ಅಮ್ಮಂದಿರು ನಿಂತು ಓದುತ್ತಾರೆ. ಸೂಲಗಿತ್ತಿ ಅಜ್ಜಿಯ ಪುಟದ ಕೆಳಗೆ ಐದು ಮನೆಯವರು ಬರೆದಿದ್ದರು, ನನ್ನನ್ನೂ ಇವರೇ ತೆಗೆದದ್ದು ಎಂದು. ಜೂನ್‌ನಲ್ಲಿ ಹೊರಗಿನ ಗೋಡೆಗೆ ಮಾತ್ರ ಅಂಟಿಸಬೇಡಿ. ನಮ್ಮಲ್ಲಿ ಮಳೆಯ ಇರಚಲು ಜಗಲಿಯ ಒಳಗಿನವರೆಗೂ ಬರುತ್ತದೆ. ಇಂಕ್ ಪೆನ್ನಿನಲ್ಲಿ ಬರೆದದ್ದು ಒಂದೇ ರಾತ್ರಿಗೆ ಹರಡಿ ಹೋಗುತ್ತದೆ. ನಾವು ಬಾಲ್ ಪೆನ್ನಿನಲ್ಲಿ ಬರೆದು ಆಫೀಸ್ ಕೋಣೆಯ ಬಾಗಿಲ ಪಕ್ಕ ಹಾಕುತ್ತೇವೆ.